ಹನ್ನೆರಡನೆಯ ಮರಿ

ಪ್ರತಿಮಾಳಿಗೆ ಹೇಸಿಗೆ ಅನ್ನಿಸದ ವಸ್ತುಗಳೇ ಕಡಿಮೆ. ಕೆನೆಗಟ್ಟಿದ ಚಹಾ, ಬಸ್ಸಿನ ಕಿಟಕಿಯ ಸರಳು, ಒದ್ದೆ ಕಂಬಳಿಯ ನಾತ, ಕುರಿಯ ಕಿವಿಯ ಹಿಂದೆ ರಕ್ತ ಕುಡಿದು ಕಡಲೆಯಷ್ಟು ಊದಿಕೊಂಡ ಉಣ್ಣಿ. ಇಂಥ ಹುಡುಗಿ ಕುರಿಯ ರಕ್ತವನ್ನೇ ಯಾಕೆ ಕಟ್ಟಿಕೊಂಡಳು ಎಂಬುದು ಜಮಖಂಡಿಯಲ್ಲಿದ್ದ ಅವಳ ತಾಯಿ ತಾರವ್ವನಿಗೆ ಎಂದೂ ತಿಳಿಯಲಿಲ್ಲ.

ಆದರೆ ಆ ಬೆಳಿಗ್ಗೆ ಹಿಪ್ಪರಗಿಯ ಕಬ್ಬು ಕಡಿದ ಹೊಲದಲ್ಲಿ ಜೀಪಿನಿಂದ ಇಳಿದಾಗ ಅವಳ ಗಂಟಲಲ್ಲಿದ್ದ ಹೇಸಿಗೆ ಬೇರೆಯದು. ಅದು ಮನುಷ್ಯನ ಮೇಲಿನದು.

ಗೊಬ್ಬರಕ್ಕೆಂದು ಹೊಲದಲ್ಲಿ ಕೂಡಿಸಿದ್ದ ಕುರಿಗಳ ನಡುವೆ ಕುರಿಗಾಹಿ ದುಂಡೇಶ ಕೂತು ಒಂದು ಕುರಿಯ ಗೊರಸು ಕತ್ತರಿಸುತ್ತಿದ್ದ. ಎಂದಿನಂತೆ ಮೊದಲು ಅವಳ ಕೈ ನೋಡಿದ, ಆಮೇಲೆ ಮುಖ.

"ಇವತ್ತ ಗ್ಲೌಸ್ ಹಾಕ್ಕೊಂಡ ಜೀಪ್ ಇಳದೀರಲ್ರಿ ಮೇಡಂ. ಇವತ್ತ ರಕ್ತ ತಗ್ಯೂ ದಿನ ಅಲ್ಲಲ್ಲ. ನನ್ನ ಮುಟ್ಟೂ ವಿಚಾರ ಐತೇನು?"

ಬೇರೆ ದಿನವಾಗಿದ್ದರೆ ಅವಳ ತುಟಿಯ ಒಂದು ಮೂಲೆ ಅವಳ ಮಾತು ಕೇಳದೆ ಮೇಲೇಳುತ್ತಿತ್ತು. ಇಂದು ಅವಳು ಕಂಕುಳಲ್ಲಿದ್ದ ರಜಿಸ್ಟರನ್ನು ಅವನ ಮುಂದೆ ಹಾಕಿದಳು.

"ನಾಕು ವರ್ಷ ನನಗ ಸುಳ್ಳು ಬರದು ಕೊಟ್ಟೀರಿ, ದುಂಡೇಶ್."

ನಾಲ್ಕು ವರ್ಷ. ಅದರ ಹಿಂದೆ ಅವಳ ಇಡೀ ಬದುಕಿತ್ತು.

ಜಮಖಂಡಿಯ ಕಾಲೇಜಿನಲ್ಲಿ ಕೊಳೆತ ಬಾಳೆಹಣ್ಣಿನ ಬಾಟಲಿಯಲ್ಲಿ ನೊಣ ಸಾಕಿ, ಅವುಗಳ ಕಣ್ಣಿನ ಬಣ್ಣ ಮೊಮ್ಮಕ್ಕಳಿಗೆ ಹೇಗೆ ಇಳಿಯುತ್ತದೆಂದು ಎಣಿಸಿದವಳು ಅವಳು. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಪುಣೆಯಲ್ಲಿ ಪಿಎಚ್‌ಡಿ ಮುಗಿಸಿ 2004ರಲ್ಲಿ ಹಿಂತಿರುಗಿದಾಗ, ಒಂದು ಹನಿ ರಕ್ತದಿಂದ ಕುರಿಯ ಜೀನ್ ಓದಬಲ್ಲವರು ಈ ಸೀಮೆಯಲ್ಲಿ ಮತ್ತೊಬ್ಬರಿರಲಿಲ್ಲ. ಸಂಶೋಧನಾ ಕೇಂದ್ರದವರು ಕೊಟ್ಟದ್ದು ಹಳೆಯ ಗೊಬ್ಬರದ ಗೋದಾಮು. ಯೂರಿಯಾ ವಾಸನೆಯ ಆ ಗೋಡೆಗಳ ನಡುವೆ, ಕರೆಂಟು ಹೋದಾಗ ಮುಧೋಳದ ಐಸ್‌ಕ್ರೀಮ್ ಅಂಗಡಿಯಿಂದ ಮಂಜುಗಡ್ಡೆ ತರಿಸಿ, ಅವಳು ಪ್ರಯೋಗಾಲಯ ಕಟ್ಟಿದಳು.

ಅವಳ ಪ್ರಶ್ನೆ ಸರಳವಾಗಿತ್ತು. ದೇಶದ ಪೂರ್ವ ಭಾಗದ ಒಂದು ಗಿಡ್ಡ ಕುರಿಯ ಜೀನೊಂದು ಬದಲಾಗಿದೆ. ಅದನ್ನು ಹೊತ್ತ ತಾಯಿ ಅವಳಿ ಈಯುತ್ತದೆ. ಅದೇ ಜೀನ್ ಇಲ್ಲಿಯ ಕರಿಕುರಿಗೆ ಬಂದರೆ, ಒಂದು ಈಯುವ ಕುರಿ ಎರಡು ಈಯುವುದೇ? ಆ ಜೀನಿನ ಟಗರುಗಳನ್ನು ರನ್ನ ಬೆಳಗಲಿಯ ದುಂಡೇಶನ ಹಿಂಡಿಗೆ ಬಿಟ್ಟಿದ್ದಳು. ಉತ್ತರ ಸಿಗುವುದು ಅವುಗಳ ಹೆಣ್ಣುಮರಿಗಳು ಬೆಳೆದು ಈದಾಗ. ಯಾವ ಕುರಿ ಏನು ಈಯಿತೆಂದು ಅವನು ಬರೆದಿಡಬೇಕು. ಮರಿಗಳಿಗೆ ಎರಡು ತಿಂಗಳಾದ ಮೇಲೆ ಅವಳು ಬಂದು ರಕ್ತ ತೆಗೆಯಬೇಕು.

ಮುಧೋಳದಲ್ಲಿ ಪಿಯುಸಿವರೆಗೆ ಓದಿದ್ದ ಅವನ ಅಕ್ಷರ ದುಂಡಗಿತ್ತು. ಅವಳು ಕೇಳುವ ಮೊದಲೇ ಕುರಿಯನ್ನು ಮೊಣಕಾಲ ನಡುವೆ ಹಿಡಿದು, ಹೆಬ್ಬೆರಳಿನಿಂದ ಕೂದಲು ಸರಿಸಿ ಕುತ್ತಿಗೆಯ ನರ ತೋರಿಸುತ್ತಿದ್ದ. ಎರಡನೆಯ ಭೇಟಿಯಿಂದ ಒಂದು ತೆಂಗಿನ ಚಿಪ್ಪಿನಲ್ಲಿ ನಿಂಬೆ ಸಾಬೂನಿನ ತುಂಡು ಬಂದು ಕೂತಿತು. ಹಿಂಡು ಯಾವ ಊರಿಗೆ ಹೋದರೂ ಆ ಚಿಪ್ಪು ಹೋಗುತ್ತಿತ್ತು. ಅವಳ ಹೊರತು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

"ಸಾಬೂನು ನೀವ್ಯಾಕ ಹಚ್ಚಂಗಿಲ್ಲ?" ಎಂದು ಒಮ್ಮೆ ಕೇಳಿದ್ದಳು.

"ನಾ ತೊಳಕೊಂಡ್ರ ಕುರಿ ಗುರುತು ಹಿಡಿಯಂಗಿಲ್ರಿ. ನೀವು ತೊಳಕೊಳ್ಳಲಿಲ್ಲಂದ್ರ ನನ್ನ ಗುರುತು ಹಿಡಿಯಂಗಿಲ್ಲ."

ಅಂಥವನ ರಜಿಸ್ಟರಿನಲ್ಲಿ ನಲವತ್ತೆರಡು ಜೊತೆ ಅವಳಿ. ರಕ್ತ ಹೇಳಿದ್ದು ಬೇರೆ: ಹನ್ನೊಂದು ಜೊತೆಗಳಲ್ಲಿ ಒಂದು ಮರಿ ಆ ತಾಯಿಯದೇ ಅಲ್ಲ. ಅವಳು ಮೂರು ಸಲ ನೋಡಿದಳು. ಹನ್ನೊಂದೇ.

ಹಿಂದಿನ ದಿನ ನಿರ್ದೇಶಕ ಪ್ರೇಮಕುಮಾರರು ಕರ್ಚೀಫಿನಲ್ಲಿ ಮೂಗು ಒರೆಸಿ, ಅದೇ ಕೈಯಿಂದ ಅವಳ ಕಾಗದ ಸರಿಸಿದ್ದರು. "ತಾಯಿ ಯಾರು ಅಂತ ಕೇಳಾಕ ನಿಮಗ ಯಾರು ಹೇಳಿದ್ರು? ರಜಿಸ್ಟರ್‌ನಾಗ ಅವಳಿ ಅಂತ ಐತಿ. ನಲವತ್ತೆರಡು ಅಂತ ಬರೀರಿ. ಛಲೋ ನಂಬರ್ ಅದು."

ಬರೆದರೆ ಸುಳ್ಳು. ಹನ್ನೊಂದನ್ನು ಸುಮ್ಮನೆ ಹೊಡೆದುಹಾಕಿದರೆ ಉಳಿದ ಮೂವತ್ತೊಂದನ್ನು ಯಾವ ಮುಖದಿಂದ ನಂಬುವುದು? ಬರೆದ ಕೈ ಒಂದೇ ಅಲ್ಲವೇ? ನಾಲ್ಕು ವರ್ಷದ ಕೆಲಸ ತಿಪ್ಪೆಗೆ. ಅದಕ್ಕಿಂತ ಹೆಚ್ಚಾಗಿ, ಆ ತೆಂಗಿನ ಚಿಪ್ಪೂ ಸುಳ್ಳೇ ಇರಬೇಕು.

"ಹನ್ನೊಂದು ಮರಿ ಆ ತಾಯಿವಲ್ಲ. ರಕ್ತ ಹೇಳತೈತಿ," ಎಂದಳು ಈಗ.

ದುಂಡೇಶ ಕತ್ತರಿ ಕೆಳಗಿಟ್ಟ. "ಸಣ್ಣಗ ಮಾತಾಡ್ರಿ ಮೇಡಂ."

"ಯಾಕ? ಯಾರಿಗೆ ಕೇಳಬಾರದು?"

"ಅವಕ್ಕ." ಗಲ್ಲ ಎತ್ತಿ ಕುರಿಗಳ ಕಡೆ ತೋರಿಸಿದ.

ಸಿಕ್ಕಿಬಿದ್ದ ಗಂಡಸು ಕುರಿಯ ಹಿಂದೆ ಅಡಗುವುದನ್ನು ಅವಳು ಇದೇ ಮೊದಲು ನೋಡಿದ್ದು. "ಇಷ್ಟು ಹೇಸಿಗಿ ನನಗ ಹಿಕ್ಕಿ ತುಳಿದ್ರೂ ಆಗಿಲ್ಲ," ಎಂದಳು.

ಅವನು ಎದ್ದು ನಿಂತ. ಮುಖದಲ್ಲಿ ಚೇಷ್ಟೆ ಉಳಿದಿರಲಿಲ್ಲ. "ನನಗೂ ಆತ್ರಿ. ನಾಕು ವರ್ಷ ನನ್ನ ಕೈ ನೋಡೀರಿ. ಕಡೀಕ ನಂಬಿದ್ದು ರಕ್ತದ ಬಾಟ್ಲಿನ." ಕಂಬಳಿಯನ್ನು ಹೆಗಲಿಗೆ ಎಸೆದು ಹೊಳೆಯ ಕಡೆ ನಡೆದುಬಿಟ್ಟ.

ಅವಳು ಜೀಪಿನ ಕಡೆ ತಿರುಗುವಷ್ಟರಲ್ಲಿ ದಡ್ಡಿಯಿಂದ ಅವನ ತಾಯಿ ಸತ್ಯವ್ವ ಕೂಗಿದಳು. "ಎಲ್ಲಿ ಹೋದ್ನವ್ವಾ ಇವ? ಯವ್ವಾ, ನೀನರ ಬಾ. ಲಗೂನ ಬಾ."

ಮುಳ್ಳಿನ ಬೇಲಿಯೊಳಗೆ ಒಂದು ಕುರಿ ಆಗಷ್ಟೇ ಈದಿತ್ತು. ಒಂದೇ ಮರಿ. ಪಕ್ಕದ ಬುಟ್ಟಿಯಲ್ಲಿ ನಸುಕಿನಲ್ಲಿ ತಾಯಿ ಸತ್ತ ಇನ್ನೊಂದು ಮರಿ ತಲೆ ಎತ್ತಲಾರದೆ ಅರಚುತ್ತಿತ್ತು. ಸತ್ಯವ್ವ ಬರಿಗೈಯಲ್ಲಿ ಮಾಸು ಎತ್ತಿಕೊಂಡಿದ್ದಳು.

"ಆ ಪರದೇಶಿ ಮರಿ ಹಿಡಿ. ಏ, ಆ ರಬ್ಬರ್ ತಗೀ ಮೊದಲ. ಅದರ ನಾತ ಬಂದ್ರ ತಾಯಿ ಮೂಸಂಗಿಲ್ಲ."

ಪ್ರತಿಮಾ ಹೆರಿಗೆಯ ಹೊತ್ತಿಗೆ ಎಂದೂ ಬಂದಿರಲಿಲ್ಲ. ಎರಡು ತಿಂಗಳ ಒಣಗಿದ, ನೆಕ್ಕಿಸಿಕೊಂಡ, ಚೊಕ್ಕ ಮರಿಗಳನ್ನಷ್ಟೇ ನೋಡಿದ್ದಳು. ಗ್ಲೌಸ್ ತೆಗೆದಳು. ಸತ್ಯವ್ವ ಮಾಸನ್ನು ಹಿಂಡಿ, ಆ ಬೆಚ್ಚಗಿನ ಲೋಳೆಯನ್ನು ಅನಾಥ ಮರಿಯ ತಲೆಗೆ, ಬೆನ್ನಿಗೆ, ಬಾಲದ ಕೆಳಗೆ ತಿಕ್ಕಿದಳು. ಜೊತೆಗೆ ಪ್ರತಿಮಾಳ ಬೆರಳ ಸಂದಿಗೆ, ಮಣಿಕಟ್ಟಿಗೆ, ಗಡಿಯಾರದ ಪಟ್ಟಿಗೆ. ಎರಡೂ ಮರಿಗಳನ್ನು ತಾಯಿಯ ಮೂತಿಯ ಮುಂದಿಟ್ಟರು. ಕುರಿ ಒಂದನ್ನು ಮೂಸಿತು, ಇನ್ನೊಂದನ್ನು ಮೂಸಿತು. ಗಂಟಲೊಳಗೇ ಸಣ್ಣಗೆ ಗುರುಗುಟ್ಟಿ ಎರಡನ್ನೂ ನೆಕ್ಕತೊಡಗಿತು.

ಸತ್ಯವ್ವ ಸೆರಗಿನ ಗಂಟು ಬಿಚ್ಚಿ ಎರಡಕ್ಕೂ ಬೀರಪ್ಪನ ಭಂಡಾರ ಹಚ್ಚಿದಳು. ಹಣೆಯ ಮೇಲೆ ಅರಿಶಿನ ಬಿದ್ದ ಮೇಲೆ ಯಾವುದು ಯಾರದೆಂದು ಗೊತ್ತಾಗುವಂತಿರಲಿಲ್ಲ.

"ಇದನ್ನ ರಜಿಸ್ಟರ್‌ನಾಗ ಹೆಂಗ ಬರಿತಾರ, ಆಯಿ?"

"ಯಾರ ಮೊಲಿ ಕುಡಿತೈತಿ ಅವರ ಮರಿ. ಮತ್ತ ಹೆಂಗ? ಭಂಡಾರ ಹಚ್ಚಿದ ಮ್ಯಾಲ ಇದು ಬ್ಯಾರೇದು ಅಂತ ಹಿಂಡಿನಾಗ ಯಾರೂ ಅನ್ನಂಗಿಲ್ಲ. ಬೀರಪ್ಪನ ಆಣಿ ಐತಿ. ಕಿವಿಗೆ ಬಿತ್ತಂದ್ರ ತಾಯಿ ಒದಿತಾಳ, ಕೂಸು ಸಾಯ್ತೈತಿ."

ಪ್ರತಿಮಾ ಜೀಪಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಲೋಳೆಯ ಹೇಸಿಗೆಗೆ ಅರ್ಧ, ತನ್ನ ಮೇಲಿನ ಹೇಸಿಗೆಗೆ ಅರ್ಧ. ಮೂರು ಸಲ ಯಂತ್ರವನ್ನು ಕೇಳಿದವಳು ಅವನನ್ನು ಒಂದು ಸಲ ಕೇಳಿರಲಿಲ್ಲ.

ಬ್ಯಾರೇಜಿನ ಮೇಲೆ, ಕೃಷ್ಣೆಯ ನೀರು ಕಾಣುವಲ್ಲಿ ಅವನು ಕೂತಿದ್ದ. ಅವಳ ಕೈ ನೋಡಿದ. ಒಣಗಿ ಅಂಟಿದ್ದ ಲೋಳೆ, ಅಂಚಿನಲ್ಲಿ ಅರಿಶಿನ.

"ತಪ್ಪಾತು," ಎಂದಳು. "ಕೇಳದ ಅಂದುಬಿಟ್ಟೆ."

ಅವನು ಮೂಸಿದ. "ಕೈ ವಾಸ ಬರಾಕತ್ತೈತ್ರಿ."

"ಗೊತ್ತೈತಿ. ಕಡದು ಹೊಳಿಗೆ ಒಗಿಬೇಕು ಅನ್ನಿಸಾಕತ್ತೈತಿ."

"ಒಗಿಬ್ಯಾಡ್ರಿ. ಬೇಕಾಗ್ತಾವ."

ಅವಳಿಗೆ ಉಸಿರು ಬಂತು. "ದುಂಡೇಶ್, ಆ ಮರಿಗಳ ಖರೆ ತಾಯಿ ಯಾರು ಅಂತ ನಿಮಗ ನೆನಪೈತೇನು?"

"ಈ ದಂಡಿ ಮ್ಯಾಲ ಇಲ್ರಿ." ಎದ್ದು ಕಂಬಳಿ ಕೊಡವಿದ. "ಹೊಳಿ ದಾಟಿದ ಮಾತು ಹಿಂಡಿಗೆ ಮುಟ್ಟಂಗಿಲ್ಲ ಅಂತಾಳ ನಮ್ಮವ್ವ. ನಡೀತೀರೇನು?"

ಬ್ಯಾರೇಜಿನ ಉದ್ದಕ್ಕೂ ಇಬ್ಬರೂ ನಡೆದರು. ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಕಂಬಿಗೆ ಒತ್ತಿ ನಿಲ್ಲಬೇಕಾಯಿತು. ಅವನ ಭುಜ ತಗಲಿತು. ಟ್ರ್ಯಾಕ್ಟರ್ ದಾಟಿ ಹೋದ ಮೇಲೂ ಇಬ್ಬರಿಗೂ ಸರಿಯಲು ತಡವಾಯಿತು.

ಆಚೆ ದಡದ ಜಾಲಿಯ ನೆರಳಲ್ಲಿ ಅವನು ಕಣ್ಣು ಮುಚ್ಚಿ ಹೇಳತೊಡಗಿದ. ರಜಿಸ್ಟರ್ ಮುಟ್ಟಲಿಲ್ಲ. "ಐವತ್ಮೂರು, ಕುಂಟ ಕರಿಯವ್ವನ ಮಗಳು. ಬಿಳಿಕಿವಿ ಹತ್ರ ಕುಡಿದ್ಲು. ಎಪ್ಪತ್ತು, ಬೀಳಗಿ ದಾರ್‍ಯಾಗ ಲಾರಿ ಬಡದು ಸತ್ತಳಲ್ಲ, ಆಕಿದು." ಪ್ರತಿ ಮರಿಗೂ ಒಂದು ತಾಯಿ, ಒಂದು ಊರು, ಒಂದು ಸಾವು. ಅವಳು ಬರೆದಳು. ಒಂದೊಂದು ಕಿವಿಬಿಲ್ಲೆಯ ಅಂಕಿಯೂ ಅವಳ ಹನ್ನೊಂದರ ಪಟ್ಟಿಯಲ್ಲಿತ್ತು. ಆ ಪಟ್ಟಿಯನ್ನು ಅವನು ನೋಡಿಯೇ ಇರಲಿಲ್ಲ.

"ಹನ್ನೆರಡನೇದು ನೂರಾ ಹದಿನೆಂಟು," ಎಂದ.

ಅವಳು ಪೆನ್ನು ಎತ್ತಿದಳು. "ಅದು ಬರೋಬ್ಬರಿ ಐತಿ. ಅದರ ತಾಯಿ ಅದರದ."

"ಅಲ್ರಿ. ಆಕಿ ಆಯಿ, ಅವ್ವನ ಅವ್ವ."

"ಯಂತ್ರ—"

"ಮಗಳು ಹಡದು ಸತ್ಲು. ಅದ ದಿನ ಮುದುಕಿನೂ ಈದಿದ್ಲು, ಮೊಮ್ಮಗಳಿಗೂ ಮೊಲಿ ಕೊಟ್ಲು. ನಿಮ್ಮ ಯಂತ್ರಕ್ಕ ಆಯಿ ಯಾರು, ಅವ್ವ ಯಾರು ತಿಳಿಯಂಗಿಲ್ಲೇನು?"

ತಿಳಿಯುವುದಿಲ್ಲ. ಅವಳು ರಕ್ತದಲ್ಲಿ ನೋಡಿದ್ದು ಎಂಟೇ ಗುರುತುಗಳನ್ನು. ಹತ್ತಿರದ ಸಂಬಂಧಿ ಅಷ್ಟರಲ್ಲಿ ತಾಯಿಯಂತೆಯೇ ಕಂಡುಬಿಡಬಹುದು.

ಹಿಂಡಿನ ಪ್ರತಿ ಕುರಿಯ ರಕ್ತ, ಸತ್ತ ಆ ಮಗಳದೂ, ಗೋದಾಮಿನ ಫ್ರೀಜರಿನಲ್ಲಿತ್ತು. ಈ ಸಲ ಇಪ್ಪತ್ತು ಗುರುತುಗಳನ್ನು ನೋಡಿದಳು. ಎರಡು ದಿನ ಕರೆಂಟು ಆಟವಾಡಿಸಿತು. ಮೂರನೆಯ ದಿನ ಗೆರೆಗಳು ಮೂಡಿದವು. ಹನ್ನೆರಡಕ್ಕೆ ಹನ್ನೆರಡೂ ಅವನು ಹೇಳಿದ ತಾಯಂದಿರೇ. ಇನ್ನೂ ಒಂದು ಸಂಗತಿ ಕಂಡಿತು: ಆ ಹನ್ನೆರಡು ಸಾಕುತಾಯಂದಿರಲ್ಲಿ ಒಂದಕ್ಕೂ ಆ ಜೀನ್ ಇರಲಿಲ್ಲ, ಉಳಿದ ಮೂವತ್ತಕ್ಕೂ ಇತ್ತು. ಅವಳ ಪ್ರಶ್ನೆಗೆ ಉತ್ತರ ಹೌದು. ಸುಳ್ಳಿನ ನಲವತ್ತೆರಡರಲ್ಲಿ ಮಸುಕಾಗಿದ್ದದ್ದು ಮೂವತ್ತರಲ್ಲಿ ನಿಚ್ಚಳವಾಗಿತ್ತು. ಗೋದಾಮಿನಲ್ಲಿ ಒಬ್ಬಳೇ ನಿಂತು ನಕ್ಕಳು. ಆಯಿಯನ್ನು ಅವ್ವನಿಂದ ಬೇರೆ ಮಾಡಲು ತನಗೆ ಮೂರು ದಿನ ಬೇಕಾಯಿತು. ಅವನು ಕಣ್ಣು ಮುಚ್ಚಿ ಹೇಳಿದ್ದ.

"ಮೂವತ್ತಾ?" ಪ್ರೇಮಕುಮಾರರು ಕರ್ಚೀಫು ಹುಡುಕಿದರು. "ಇಂಥಾ ಸಣ್ಣ ನಂಬರಿಗೆ ನನ್ನ ಹೆಸರು ಬ್ಯಾಡ."

"ಅದನ್ನ ಕೇಳಾಕ ಬಂದಿದ್ದೆ ಸರ್," ಎಂದಳು, ಆ ಕೈ ತನ್ನ ಕಾಗದ ಮುಟ್ಟುವ ಮೊದಲೇ ಎತ್ತಿಕೊಂಡು.

ಮುಂದಿನ ವರ್ಷ ಲೇಖನ ಅಚ್ಚಾಯಿತು. ಹಿಂಡು ರನ್ನ ಬೆಳಗಲಿಗೆ ಮರಳಿತ್ತು. ಇಳಿಬಿಸಿಲಿನಲ್ಲಿ ಅವಳು ಪುಟ ತೆರೆದು ಅವನ ಕೈಗಿಟ್ಟಳು. ಮೇಲುಗಡೆ ಎರಡೇ ಹೆಸರು. ದುಂಡೇಶ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದ, ಮತ್ತೊಮ್ಮೆ ಓದಿದ.

"ನನ್ನ ಹೆಸರು ನಿಮ್ಮ ಹೆಸರಿನ ಬಾಜೂಕ ಐತಿ."

"ಮತ್ತ ಎಲ್ಲಿ ಇಡಬೇಕಿತ್ತು?"

ಅವನು ಪುಟ ಮಡಚಲಿಲ್ಲ. ಒಂದು ಮರಿ ಅವನ ಧೋತರದ ತುದಿ ಅಗಿಯುತ್ತಿತ್ತು. ಅದರ ಅರಿವೂ ಅವನಿಗಿದ್ದಂತೆ ಕಾಣಲಿಲ್ಲ. "ಒಂದು ಮಾತು ಹೇಳೂದೈತಿ," ಎಂದ.

"ಹೊಳಿ ದಾಟಬೇಕೇನು?"

"ಬ್ಯಾಡ. ಇದನ್ನ ಹಿಂಡು ಕೇಳಿದ್ರೂ ನಡೀತೈತಿ."

ಮತ್ತು ಅಷ್ಟೂ ಕುರಿಗಳ ನಡುವೆ, ದನಿ ತಗ್ಗಿಸದೆ, ಅವನು ಅದನ್ನು ಹೇಳಿದ. ದಡ್ಡಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸತ್ಯವ್ವನ ಕೈ ನಿಂತಿತು. ಎರಡು ಕುರಿ ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು.

ಹೇಳಿ ಮುಗಿಸಿ ಅವನು ಅವಳ ಕಡೆ ಕೈ ಚಾಚಿದ. ಉಗುರಿನ ಸಂದಿಯಲ್ಲಿ ಹಿಕ್ಕಿ, ಅಂಗೈಯಲ್ಲಿ ಉಣ್ಣಿಯ ರಕ್ತದ ಕಲೆ. ಪ್ರತಿಮಾ ಆ ಕೈಯನ್ನು ತುಂಬ ಹೊತ್ತು, ಮೂಗು ಸುಕ್ಕಿಸಿಕೊಂಡು, ನೋಡಿದಳು.

"ಮೊದಲ ಕೈ ತೊಳಕೊಂಡು ಬಾ," ಎಂದಳು.

ಐದು ವರ್ಷದಲ್ಲಿ ಮೊದಲ ಸಲ ಅವಳು ಅವನಿಗೆ 'ಬರ್ರಿ' ಅನ್ನದೆ 'ಬಾ' ಅಂದಿದ್ದಳು. ದುಂಡೇಶ ಅವಳನ್ನೇ ನೋಡುತ್ತ ಹಿಂದೆ ಹಿಂದೆ ನಡೆದು, ತೆಂಗಿನ ಚಿಪ್ಪಿನಿಂದ ನಿಂಬೆ ಸಾಬೂನು ಎತ್ತಿಕೊಂಡ.