ತಾಯಿಯ ಪಕ್ಕದ ಆರಡಿ ಜಾಗ

"ಐದು ಗಂಟೆಗೆ ಅಪ್ಪನ್ನ ಹೂಳ್ತಾರೆ, ಅದೂ ಅಮ್ಮನಿಂದ ಎರಡು ಮೈಲಿ ದೂರ!" ಎಂದು ಆ ಹುಡುಗಿ ಅಕ್ಕ-ತಂಗಿಯರ ಮನೆ ಬಾಗಿಲಲ್ಲೇ ಅತ್ತುಬಿಟ್ಟಳು.

ಆಗ ಎರಡೂವರೆ. ತಂಗಿ ಅವಳನ್ನು ಕೂರಿಸಿ ನೀರು ಕೊಟ್ಟಳು. ಅಕ್ಕ ಕುರ್ಚಿಯಿಂದ ಏಳಲಿಲ್ಲ. ನಲವತ್ತು ವರ್ಷ ನಿಘಂಟು ಕಚೇರಿಯಲ್ಲಿ ದುಡಿದ ಅಕ್ಕನನ್ನು ಊರೆಲ್ಲ ನಿಘಂಟಮ್ಮ ಎನ್ನುತ್ತಿತ್ತು. ಕಳ್ಳರನ್ನು ಹಿಡಿಯುವುದು ನಿವೃತ್ತಿಯ ನಂತರ ಹತ್ತಿದ ಚಟ. ಆ ಚಟಕ್ಕೆ ಛತ್ರಿ ಹಿಡಿದು ಹಿಂದೆ ಅಲೆಯುವುದು ತಂಗಿಯ ಹಣೆಬರಹ.

ಹುಡುಗಿಯ ಅಪ್ಪ ಊರಿನ ಹೆಣ ಹೂಳುವ ಜಾಗಗಳ ಮೇಲ್ವಿಚಾರಕರು. ಚರ್ಚಿನ ಗೋಡೆಯೊಳಗೆ, ಹೆಂಡತಿಯ ಸಮಾಧಿಯ ಮಗ್ಗುಲಿನ ಜಾಗವನ್ನು ತಮಗೆಂದೇ ಕಾದಿರಿಸಿದ್ದರು. ನಿನ್ನೆ ಅವರು ತೀರಿಕೊಂಡ ಮೇಲೆ ಅವರ ಕಚೇರಿಯ ಡ್ರಾಯರಿನಲ್ಲಿ ಟೈಪ್ ಮಾಡಿದ, ಕಚೇರಿಯ ಮುದ್ರೆ ಒತ್ತಿದ ಚೀಟಿ ಸಿಕ್ಕಿತ್ತು: "ನನ್ನನ್ನು ಊರಾಚೆಯ ಗ್ರೇವ್‌ಯಾರ್ಡಿನಲ್ಲಿ ಹೂಳಿ. ಹೆಂಡತಿಯ ಪಕ್ಕದ ಜಾಗ ಮುಟ್ಟಬೇಡಿ."

"ಡ್ರಾಯರಿನ ಬೀಗದಕೈ ಯಾರ ಹತ್ರ ಇತ್ತು?" ಅಕ್ಕ ಕೇಳಿದಳು.

"ಗುಂಡಿ ತೋಡೋ ತಾತ, ಕಲ್ಲು ಕೆತ್ತೋ ಚಿಕ್ಕಪ್ಪ, ಇಬ್ಬರ ಹತ್ರ. ಹೋದ ವಾರ ಚರ್ಚಿನ ಬೆಳ್ಳಿ ದೀಪ ಕಳುವಾದಾಗಿನಿಂದ ಎಲ್ಲರಿಗೂ ತಾತನ ಮೇಲೇ ಕಣ್ಣು."

ಮೂವರೂ ಚರ್ಚಿಗೆ ಬಂದರು. ಸಾವಿನ ಮನೆ ಪಕ್ಕದಲ್ಲೇ ಇದ್ದುದರಿಂದ ಅಂಗಳದಲ್ಲಿ ನಿನ್ನೆಯಿಂದ ಜನ ಕರಗಿರಲಿಲ್ಲ. ತಾತ ಗುದ್ದಲಿ ಹಿಡಿದು ಮೂಲೆಯಲ್ಲಿ ಮುಖ ಗಂಟಿಕ್ಕಿ ಕೂತಿದ್ದ.

"ಎರಡೂ ಗ್ರೇವ್‌ಯಾರ್ಡು ನೀವೇ ನೋಡ್ಕೊಳ್ಳೋದಾ ತಾತ?" ಅಕ್ಕ ಕೇಳಿದಳು.

"ಎರಡೆಲ್ಲಿ ಬಂತಮ್ಮ? ಚರ್ಚಿನ ಗೋಡೆಯೊಳಗಿಂದು ಗ್ರೇವ್‌ಯಾರ್ಡು. ಊರಾಚೆದು ಸೆಮೆಟರಿ. ಆ ಮಾತಿನ ಮೇಲೇ ಹೆಣದ ಗಾಡಿ ಹೊರಡೋದು. ಒಂದ್ಸಲ ನಾನು ತಪ್ಪಿ ಹೇಳಿದ್ದಕ್ಕೆ ತೀರ್ಕೊಂಡ ನಮ್ಮ ಯಜಮಾನರು ರಿಜಿಸ್ಟರಿನ ಇಡೀ ಪುಟ ಮತ್ತೆ ಬರೆಸಿದ್ರು."

ಅಷ್ಟರಲ್ಲಿ ಚಿಕ್ಕಪ್ಪ ಬಂದ. "ಅಣ್ಣನ ಕೊನೇ ಆಸೆ, ನಡೆಸಿಬಿಡೋಣ. ಯಾವ ಗ್ರೇವ್‌ಯಾರ್ಡಾದ್ರೇನು? ನನ್ನ ಕಲ್ಲಿಗೆ ಎರಡೂ ಒಂದೇ."

ಅಕ್ಕ ಹುಡುಗಿಯ ತಾಯಿಯ ಸಮಾಧಿಯ ಹಾಸುಗಲ್ಲಿನ ಮುಂದೆ ಕುಳಿತು ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಗೀರುಗಳಲ್ಲಿ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಪಕ್ಕದ ಖಾಲಿ ಜಾಗ ನಡುವೆ ಕೊಂಚ ಉಬ್ಬಿತ್ತು. ಚರ್ಚಿನ ಗಡಿಯಾರ ನಾಲ್ಕು ಹೊಡೆಯಿತು. ಗಾಡಿಯವನು ಹೆಣ ಏರಿಸಿಕೊಂಡು ಗೇಟಿನ ಹೊರಗೆ ಆಗಲೇ ಕಾಯುತ್ತಿದ್ದ.

"ತೋಡಿದ ಮಣ್ಣು ಎಲ್ಲಿ ಹಾಕ್ತೀರಿ ತಾತ?" ಅಕ್ಕ ಕೂತಲ್ಲಿಂದಲೇ ಕೇಳಿದಳು.

"ದಾರಿ ಕಡೆ, ಟಾರ್ಪಾಲು ಹಾಸಿ. ಪಕ್ಕದಲ್ಲಿ ಮಲಗಿದವರ ಎದೆ ಮೇಲೆ ಹಾಕೋಕ್ಕಾಗುತ್ತಾ?"

ಅಕ್ಕ ಪಾದ್ರಿಯನ್ನೂ ನೆಂಟರನ್ನೂ ಕರೆದು ಸುತ್ತ ನಿಲ್ಲಿಸಿದಳು.

"ಈ ಚೀಟಿ ಯಜಮಾನರದ್ದಲ್ಲ. ಊರಾಚೆಯ ಜಾಗವನ್ನ ಅವರು ಜನ್ಮದಲ್ಲಿ ಗ್ರೇವ್‌ಯಾರ್ಡು ಅಂದವರಲ್ಲ. ತಾತನದ್ದೂ ಅಲ್ಲ, ಆ ಪಾಠ ಅವರಿಗೆ ರಕ್ತಕ್ಕಿಳಿದಿದೆ. ಆದರೆ ಮಾತೊಂದೇ ಸಾಕ್ಷಿಯಾಗಲ್ಲ. ಈ ಜಾಗವನ್ನ ಯಾರೋ ಅಗೆದು ಮುಚ್ಚಿದ್ದಾರೆ, ಅಗೆದ ಮಣ್ಣನ್ನ ತಾಯಿಯ ಕಲ್ಲಿನ ಮೇಲೇ ಸುರಿದಿದ್ದಾರೆ. ಅಗೆದವರಿಗೆ ಗುಂಡಿ ತೋಡೋ ಕಸುಬು ಗೊತ್ತಿಲ್ಲ."

"ನಾನ್ಯಾಕೆ ಅಗೀಲಿ?" ಚಿಕ್ಕಪ್ಪ ಚೀರಿದ.

ಅವನ ಹೆಸರನ್ನು ಯಾರೂ ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನಿನ್ನೆಯಿಂದ ಇಲ್ಲಿ ಜನ ಇದ್ದಾರೆ, ಬಚ್ಚಿಟ್ಟದ್ದನ್ನ ತೆಗೆಯೋಕೆ ಹೊತ್ತು ಸಿಗಲಿಲ್ಲ. ಅದಕ್ಕೇ ಹೆಣವನ್ನೇ ಬೇರೆ ಕಡೆ ಕಳಿಸೋ ಉಪಾಯ," ಎಂದಳು ಅಕ್ಕ. "ಅಗೀರಿ ತಾತ."

ಎರಡಡಿ ಹೋಗುವಷ್ಟರಲ್ಲಿ ಗುದ್ದಲಿ ಠಣ್ಣೆಂದಿತು. ಗೋಣಿಚೀಲದೊಳಗೆ ಬೆಳ್ಳಿ ದೀಪ.

ಚಿಕ್ಕಪ್ಪ ನೆಲಕ್ಕೆ ಕುಸಿದ. "ಗಲಾಟೆ ತಣ್ಣಗಾದ ಮೇಲೆ ತೆಗೀಬೇಕಂತಿದ್ದೆ. ಅಣ್ಣ ಇಷ್ಟು ಬೇಗ ಹೋಗ್ತಾನೆ ಅಂತ ಯಾರಿಗೆ ಗೊತ್ತಿತ್ತು?"

ಹುಡುಗಿ ಅವನತ್ತ ತಿರುಗಿಯೂ ನೋಡಲಿಲ್ಲ. ತಾಯಿಯ ಕಲ್ಲಿನ ಮುಂದೆ ಕುಳಿತು, ಕೂದಲಿನ ಪಿನ್ನು ಕಿತ್ತು, ಅಕ್ಷರ ಅಕ್ಷರವಾಗಿ ಮಣ್ಣು ಬಿಡಿಸತೊಡಗಿದಳು. ತಂಗಿಗೆ ಕಣ್ಣು ತುಂಬಿ ಬಂತು. ಛತ್ರಿ ಬದಿಗಿಟ್ಟು ತಾನೂ ಪಕ್ಕದಲ್ಲಿ ಕುಳಿತಳು.

ತಾತ ದಾರಿಯ ಕಡೆ ಟಾರ್ಪಾಲು ಹಾಸಿ, ಆರಡಿ ತೋಡಿ ಮುಗಿಸಿ, ಮುಖ ಒರೆಸಿಕೊಂಡು ಗೇಟಿನತ್ತ ಕೂಗಿದ:

"ಸೆಮೆಟರಿ ಅಲ್ಲಪ್ಪಾ, ಗ್ರೇವ್‌ಯಾರ್ಡು! ಯಜಮಾನರನ್ನ ಒಳಗೆ ಕರ್ಕೊಂಬಾ!"