ಶನಿವಾರಕ್ಕೊಮ್ಮೆ ನೀಲಾ

ಅಕ್ಕಲಕೋಟದ ಎಸ್.ಟಿ. ಬಸ್ಸು ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ನಿಲ್ಲುವ ಮೊದಲೇ ಮಲ್ಲಿಕಾರ್ಜುನ ಕಿಟಕಿಗಳ ಉದ್ದಕ್ಕೂ ಕಣ್ಣು ಹಾಯಿಸಿದ. ಅವನ ತೋಳಿನಲ್ಲಿ ಎರಡು ವರ್ಷದ ಮಗಳು ಗಾರ್ಗಿ. ಕೊನೆಗೂ ಹೆಂಡತಿ ನೀಲಗಂಗಾ ಇಳಿದಳು. ಹುಬ್ಬಿನ ಮೇಲೆ ಧೂಳು, ಸಡಿಲಾದ ಹೆರಳು. ಅವನನ್ನು ಕಂಡು ಕಣ್ಣಿನಲ್ಲೇ ನಕ್ಕಳು. ವಾರವೆಲ್ಲ ಅವನು ಕಾದದ್ದು ಆ ನಗುವಿಗೇ.

"ಬಾ ನನ್ನ ಬಂಗಾರಿ," ಎಂದು ಮಗಳತ್ತ ಕೈ ಚಾಚಿದಳು.

ಗಾರ್ಗಿ ಅಪ್ಪನ ಕೊರಳಿನಲ್ಲಿ ಮುಖ ಹುದುಗಿಸಿ, "ಬಾಯಿ ಬ್ಯಾಡ," ಎಂದಳು.

ಅಕ್ಕಲಕೋಟದ ಹತ್ತಿರದ ನಾಗಣಸೂರಿನ ಶಾಲೆಯಲ್ಲಿ ಮಕ್ಕಳು ಶಿಕ್ಷಕಿ ನೀಲಾಳನ್ನು ಕರೆಯುವುದು 'ಬಾಯಿ' ಎಂದೇ. ಈಗ ಓಣಿಯವರೂ ಹಾಗೇ ಕರೆಯುತ್ತಿದ್ದರು. ಮಗು ಅದನ್ನು ಕೇಳಿ ಕಲಿತಿತ್ತು. ಮಲ್ಲಿಕಾರ್ಜುನ ನಕ್ಕುಬಿಟ್ಟ. ನೀಲಾ ನಗಲಿಲ್ಲ.

ಅವಳಿಗೆ ಆ ನೌಕರಿ ಸಿಕ್ಕಾಗ ಅಕ್ಕಲಕೋಟದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು, ಶನಿವಾರ ಮನೆಗೆ ಬರುವುದೆಂದು ಇಬ್ಬರೂ ಕೂಡಿಯೇ ನಿರ್ಧರಿಸಿದ್ದರು. ಅವನು ಸೊಲ್ಲಾಪುರದ ಕಚೇರಿಯೊಂದರಲ್ಲಿ ಕ್ಲಾರ್ಕ್. ಹಗಲು ಮಗು ಅವನ ತಾಯಿ ಗೋದೂಬಾಯಿಯ ಬಳಿ, ಉಳಿದ ಹೊತ್ತು ಅವನ ಬಳಿ. ಅನ್ನ ಹಿಸುಕುವುದು, ಜುಟ್ಟು ಕಟ್ಟುವುದು, ಸುಳ್ಳು ಅಳುವಿಗೂ ನಿಜ ಅಳುವಿಗೂ ಇರುವ ಫರಕು, ಎಲ್ಲವನ್ನೂ ಅವನು ಕಲಿತುಬಿಟ್ಟಿದ್ದ.

ರವಿವಾರ ಬೆಳಿಗ್ಗೆ ನೀಲಾ ಮಗಳಿಗೆ ಚಪ್ಪಲಿ ಹಾಕಲು ಕುಳಿತಳು. ಗಾರ್ಗಿ ಕಾಲು ಝಾಡಿಸಿ ಅತ್ತಳು.

"ಬಲಗಾಲ ಮೊದಲ, ನೀಲಾ. ಆಕಿಗಿ ಹಂಗ ಬೇಕು," ಎಂದ ಮಲ್ಲಿಕಾರ್ಜುನ, ಸಹಜವಾಗಿ.

ನೀಲಾ ಚಪ್ಪಲಿಯನ್ನು ಕೆಳಗಿಟ್ಟಳು. "ನಿಮಗ ಎಲ್ಲಾ ಗೊತ್ತದ. ಚಲೋ ಆತು."

ಸಂಜೆ ಎಸ್.ಟಿ. ಹತ್ತುವಾಗ ಅವನ ಮುಖ ನೋಡದೆ ಹೇಳಿದಳು: "ಮುಂದಿನ ಶನಿವಾರ ನಾ ಬರಂಗಿಲ್ರಿ. ಸಾಲ್ಯಾಗ ಕೆಲಸ ಅದ."

"ರವಿವಾರನೂ?"

"ಹೂಂ."

ಆ ವಾರ ಅವನು ಎಲ್ಲಿಯೂ ನಿಲ್ಲಲಾರದಾದ. ಕಚೇರಿಯಲ್ಲಿ ಕೂಡಿಸಿದ ಲೆಕ್ಕವನ್ನೇ ಮತ್ತೆ ಕೂಡಿಸಿದ. ಒಂದು ಮುಂಜಾನೆ ಗಾರ್ಗಿ ಅಂಗಳದ ಕಾಗೆಗೆ, "ಬಾ, ಚಾ ಕುಡಿ," ಎಂದಳು. ಅವನು ಹೊಟ್ಟೆ ಹಿಡಿದು ನಕ್ಕು, ಹೇಳಬೇಕೆಂದು ಹಿಂದೆ ತಿರುಗಿದ. ಹಿಂದೆ ಸ್ಟೋವ್ ಒಂದೇ ಭುಸುಗುಡುತ್ತಿತ್ತು.

"ಒಂದ್ ಕಡಿ ಕೂಡಲ್ಲೊ ಮಲ್ಲೂ," ಎಂದರು ಗೋದೂಬಾಯಿ. "ಕೂಸಿಗಿಂತ ನೀನ ಹೆಚ್ಚ ತಿರಗಾಕತ್ತಿ."

ಶನಿವಾರ, ಬರುವುದಿಲ್ಲವೆಂದು ಗೊತ್ತಿದ್ದೂ, ಸ್ಟ್ಯಾಂಡಿಗೆ ಹೋಗಿ ಬಂದ. ರವಿವಾರ ಮುಂಜಾನೆ ಮಗಳನ್ನು ಎತ್ತಿಕೊಂಡು ತಾನೇ ಅಕ್ಕಲಕೋಟದ ಗಾಡಿ ಹತ್ತಿದ. ದಾರಿಯಲ್ಲಿ ಕುಂಭಾರಿ ಊರು ದಾಟುವಷ್ಟರಲ್ಲಿ ಗಾರ್ಗಿ ಕುಡಿದ ಹಾಲನ್ನೆಲ್ಲ ಅವನ ಅಂಗಿಯ ಮೇಲೆ ಕಾರಿದಳು.

ಖೋಲಿಯ ಬಾಗಿಲು ತೆರೆದ ನೀಲಾಳ ತಲೆ ಇನ್ನೂ ಒದ್ದೆಯಿತ್ತು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನ್ರಿ ಇದು ಅವತಾರ?"

"ನಿನ್ನ ಮಗಳ ಪ್ರಸಾದ."

ತುಟಿ ಕಚ್ಚಿ ಹಿಡಿದರೂ ಅವಳಿಗೆ ನಗು ತಡೆಯಲಾಗಲಿಲ್ಲ.

ಅಂಗಿಯನ್ನು ಅವಳು ನಲ್ಲಿಯ ಕೆಳಗೆ ಹಿಂಡುತ್ತಿದ್ದಳು. ಅವನು ಬನಿಯನ್ನಿನಲ್ಲಿ ಹೊಸ್ತಿಲ ಮೇಲೆ ಕುಳಿತ. ಗಾರ್ಗಿ ಚೊಂಬಿನ ನೀರನ್ನು ಅಪ್ಪನ ಚಪ್ಪಲಿಗೆ ಸುರಿಯುವುದರಲ್ಲಿ ಮಗ್ನಳಾಗಿದ್ದಳು.

"ಸಾಲ್ಯಾಗ ಕೆಲಸ ಇತ್ತಲ್ಲ?"

"ಇರಲಿಲ್ರಿ." ಅವಳ ಕೈ ನಿಂತಿತು. "ನಾ ಬರೂದು, ಆಕಿ ಮಾರಿ ಮುಚ್ಚಗೊಳ್ಳೂದು, ಮತ್ತ ನಾ ಹೊಳ್ಳಿ ಹೋಗೂದು. ನನ್ನ ಮನ್ಯಾಗ ನಾನ ಬಂದ ಹೋಗೂ ಪಾವಣಿ ಆಗೀನಿ. ನೀವ ಇಬ್ರೂ ಆರಾಮ ಅದೀರಿ."

"ಯಾರ ಹೇಳ್ಯಾರ ಆರಾಮ ಅಂತ?" ಅವನು ಎದ್ದು ಅವಳ ಬಳಿ ಕುಕ್ಕರಿಸಿದ. "ಆಕಿಗಿ ನೀ ಇಲ್ದ ಇರೂದು ರೂಢಿ ಆಗೇದ, ಖರೆ. ನನಗ ಆಗಿಲ್ಲ ನೀಲಾ. ಕೂಸು ಕಾಗಿಗಿ ಚಾ ಕುಡಿಯಾಕ ಕರದ್ರ ನಾ ಯಾರ ಮುಂದ ಹೇಳಲಿ?"

ಅವಳು ಕಣ್ಣೆತ್ತಿದಳು. ರೆಪ್ಪೆ ಒದ್ದೆಯಾಗಿತ್ತು, ಅದು ನಲ್ಲಿಯ ನೀರಲ್ಲ.

"ಕಾಗಿಗಿ ಕರದ್ಲಾ? ಏನಂತ?"

ಅವನು ಮಗಳ ದನಿ ಮಾಡಿ ತೋರಿಸಿದ. ಅವಳು ನಗುತ್ತ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಲ್ಲೇ ದೊಡ್ಡ ಮನಿ ಹಿಡಿಯೂಣು," ಎಂದ ಅವನು. "ಕಚೇರಿಗಿ ದಿನಾ ಎಸ್.ಟಿ. ನಾ ಹತ್ತತೀನಿ. ಅವ್ವನ್ನ ಕೇಳೀನಿ. ಸ್ವಾಮಿ ಗುಡಿ ಹತ್ರ ಮನಿ ಸಿಕ್ರ ನಾಳೇನ ಗಂಟು ಕಟ್ಟತೀನಿ ಅಂದ್ಲು."

"ದಿನಾ ಅಷ್ಟ ದೂರಾ? ನಿಮಗ ಬ್ಯಾಸರ ಆಗಂಗಿಲ್ಲೇನ್ರಿ?"

"ಸಂಜಿಗಿ ಇಳದಾಗ ನೀ ಸ್ಟ್ಯಾಂಡಿನ್ಯಾಗ ನಿಂತಿದ್ರ ಆಗಂಗಿಲ್ಲ."

"ದಿನಾ ಯಾರ ನಿಂದರತಾರ?" ಓರೆಗಣ್ಣಿನಿಂದ ನೋಡಿದಳು. "ಶನಿವಾರಕ್ಕೊಮ್ಮೆ ಬರತೀನಿ, ನೋಡ್ರಿ."

ಅಂಗಿ ಒಣಗುವತನಕ ಕಾಯಲು ಅವನಿಂದಾಗಲಿಲ್ಲ. ಹಸಿಯದನ್ನೇ ತೊಟ್ಟು, ನೀರು ತುಂಬಿದ ಚಪ್ಪಲಿ ಕೊಡವಿ ಮೆಟ್ಟಿಕೊಂಡು ಓಣಿಗೆ ಇಳಿದೇಬಿಟ್ಟ.

"ಹಸಿ ಅಂಗ್ಯಾಗ ಹೋದ್ರ ಯಾರ ಬಾಡಗಿಗಿ ಮನಿ ಕೊಡತಾರ್ರಿ?" ನೀಲಾ ಮಗಳನ್ನು ಎತ್ತಿಕೊಂಡು ಬಾಗಿಲಿಗೆ ಕೀಲಿ ಹಾಕಿದಳು. ಗಾರ್ಗಿ ಕೊಸರಿದಳು, "ಪಪ್ಪಾ" ಎಂದು ಕೈ ಚಾಚಿದಳು. ನೀಲಾ ಕೆಳಗಿಳಿಸಲಿಲ್ಲ, ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಅತ್ರ ಅಳು ನನ್ನವ್ವ," ಎಂದು ಅವಳ ಕಿವಿಯಲ್ಲಿ ಹೇಳಿ, ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ಗಂಡನನ್ನು ಹಿಂಬಾಲಿಸಿದಳು.