ಎಡಸೊಂಟಕ್ಕೆ ಒಂದು ಹಿಡಿ ಅರಳೆ

ಹೊಸದಾಗಿ ಹಿಂಜಿ ಹೊಲಿದ ಗಾದಿಯ ಮೇಲೆ ಸರ್ವರಬಿ ಅಂಗೈ ಆಡಿಸಿದಳು. ತಲೆಯ ಕಡೆಯಿಂದ ಕೈ ಸಲೀಸಾಗಿ ಜಾರಿತು. ನಡುವಿಗೆ ಬರುವಷ್ಟರಲ್ಲಿ, ಎಡಗಡೆ ಅಂಚಿನ ಹತ್ತಿರ, ಎಡವಿದಂತೆ ನಿಂತಿತು. ಅಲ್ಲೊಂದು ಗುಡ್ಡೆ ಇತ್ತು.

"ಹಂಪಕ್ಕ, ಇಲ್ಲಿ ಮುಟ್ಟಿ ನೋಡು. ಗಾದಿ ಮಾಡ್ಯಾನೋ, ಕುರುಗೋಡಿನ ಗುಡ್ಡ ತಂದು ತುರುಕ್ಯಾನೋ?"

ಪಕ್ಕದ ಮನೆಯ ಹಂಪಕ್ಕ ಮೂವತ್ತು ವರ್ಷ ಅವಳ ಜೊತೆ ಒಂದೇ ಸಾಲಿನಲ್ಲಿ ಬಗ್ಗಿ ಭತ್ತದ ಸಸಿ ನೆಟ್ಟವಳು. ಮುಟ್ಟಿ ನೋಡಿ ನಕ್ಕಳು. "ನನ್ನನ್ಯಾಕ ಕೇಳ್ತಿ? ಬೇವಿನ ಗಿಡದ ಕೆಳಗ ಕುಂತಾನ, ಅವನ್ನ ಹೋಗಿ ಕೇಳು. ನಿನ್ನ ದಾರೀನ ಕಾಯಾಕ ಹತ್ಯಾನ."

"ಬಾಯಿ ಮುಚ್ಚವಾ."

ಬಾಯಿ ಮುಚ್ಚೆಂದವಳು ಹೊರಡುವ ಮುಂಚೆ ಸೆರಗು ಸರಿಮಾಡಿಕೊಂಡಳು. ಹಂಪಕ್ಕ ಅದನ್ನೂ ನೋಡಿದಳು.

ಪ್ರತಿ ವರ್ಷ ಭತ್ತದ ಸುಗ್ಗಿ ಮುಗಿದ ಮೇಲೆ ಹತ್ತಿ ಹಿಂಜುವ ಪಿಂಜಾರ ನಬೀಸಾಬ್ ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಹೊರಟು, ಕುರುಗೋಡು, ಸಿರುಗುಪ್ಪ ಮುಗಿಸಿ, ಕೊನೆಗೆ ಇವರ ಊರು ದೇಶನೂರಿಗೆ ಬರುತ್ತಿದ್ದ. ಹೆಗಲ ಮೇಲೆ ಆಳುದ್ದದ ಬಿಲ್ಲು, ಕೈಯಲ್ಲಿ ಮರದ ಕೊಡತಿ. ಬಿಲ್ಲಿಗೆ ಹೆದೆಯಾಗಿ ಬಿಗಿದ ನರವನ್ನು ಒಮ್ಮೆ ಮೀಟಿದರೆ ಸಾಕು, ಹೆಂಗಸರು ಹಳೇ ಗಾದಿ, ದಿಂಬು ಹೊತ್ತು ಹೊರಗೆ ಬರುತ್ತಿದ್ದರು. ಅವನು ಹೊಲಿಗೆ ಬಿಚ್ಚಿ, ಕಲ್ಲಿನಂತಾದ ಹತ್ತಿಯ ಮೇಲೆ ಬಿಲ್ಲು ಹಿಡಿದು, ಕೊಡತಿಯಿಂದ ನರಕ್ಕೆ ಹೊಡೆದು ಹಿಂಜಿ, ನೊರೆಹಾಲಿನ ಹಾಗೆ ಉಬ್ಬಿಸಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದ. ವಯಸ್ಸು ಐವತ್ತೈದು ದಾಟಿತ್ತು. ಹೆಂಡತಿ ತೀರಿ ಆರು ವರ್ಷ. ಸರ್ವರಬಿಗೆ ನಲವತ್ತೆಂಟು. ದೊಡ್ಡ ಬರದ ವರ್ಷ ಬಂದ ಜ್ವರಕ್ಕೆ ಗಂಡ ಹೋಗಿ ಹನ್ನೆರಡು ವರ್ಷವಾಗಿತ್ತು. ಒಬ್ಬಳೇ ಮಗಳು ಶಹಜಾದಿಯನ್ನು ಕುರುಗೋಡಿಗೆ ಕೊಟ್ಟಿದ್ದಳು.

"ನಬೀಸಾಬರ, ಏನ್ರಿ ಅದು ಗುಡ್ಡ?"

ಅವನು ಸೂಜಿಗೆ ದಾರ ಪೋಣಿಸುತ್ತಿದ್ದ. ಚಾಳೀಸು ಬಂದ ಕಣ್ಣು. ಸೂಜಿಯನ್ನು ತೋಳುದ್ದ ದೂರ ಹಿಡಿದು, ಅದು ಯಾರದೋ ಸೂಜಿ ಎಂಬಂತೆ ನೋಡುತ್ತಿದ್ದ.

"ಗುಡ್ಡ ಅಲ್ಲ ಬೂಬಮ್ಮ. ಒಂದು ಹಿಡಿ ಅರಳಿ ಜಾಸ್ತಿ ಹಾಕೀನಿ. ನಿಮ್ಮ ಎಡಸೊಂಟಕ್ಕ."

ಬೈಯಬೇಕೆಂದು ಕೂಡಿಹಾಕಿಕೊಂಡು ಬಂದ ಮಾತೆಲ್ಲ ಸರ್ವರಬಿಯ ಬಾಯಲ್ಲೇ ಉಳಿಯಿತು. ಆ ನೋವಿನ ಸುದ್ದಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಗಳಿಗೆ ಹೇಳಿದರೆ ಕಂಕುಳ ಕೂಸಿನ ಸಮೇತ ಓಡಿಬಂದಾಳು. ಹಂಪಕ್ಕನಿಗೆ ಹೇಳಿದರೆ ಬಾವಿಕಟ್ಟೆಗೆಲ್ಲ ಗೊತ್ತಾದೀತು. ತನ್ನ ಮೈಯ ನೋವು ತನ್ನ ಮೈಯಲ್ಲೇ ಇರಲಿ ಎಂದು ಎರಡು ವರ್ಷ ನುಂಗಿಕೊಂಡಿದ್ದಳು.

"ನನ್ನ ಸೊಂಟದ ಸುದ್ದಿ ನಿಮಗ ಯಾರು ಹೇಳಿದ್ರು?"

"ಹತ್ತಿ ಹೇಳ್ತು. ನಿದ್ದಿ ಬಂದವರ ಗಾದ್ಯಾಗ ಹತ್ತಿ ಸುಮ್ಮನ ಒತ್ತಿಕೊಂಡಿರ್ತೈತಿ. ನಿದ್ದಿ ಬರಲಾರದವರ ಗಾದ್ಯಾಗ ಹೊಳ್ಳಿ ಹೊಳ್ಳಿ ಗಂಟು ಕಟ್ಟಿರ್ತೈತಿ. ನಿಮ್ಮದು ನಡುವಿನ ಹತ್ರ ಬರೇ ಗಂಟು."

"ಎಡಾನ ಅಂತ ಹೆಂಗ ಗೊತ್ತಾತು?"

ಈಗ ಅವನು ತಲೆ ಎತ್ತಿದ. ಹುಬ್ಬಿನ ಮೇಲೆ, ಮೀಸೆಯ ಮೇಲೆ ಹತ್ತಿಯ ಎಳೆಗಳು. ಯಾವುದು ನರೆ, ಯಾವುದು ಹತ್ತಿ ಎಂದು ಹೇಳುವಂತಿರಲಿಲ್ಲ.

"ಊರಿನ ಹೆಂಗಸರೆಲ್ಲ ಕೊಡ ಎಡಸೊಂಟಕ್ಕ ಇಟ್ಕೊಳ್ತಾರ. ನೀವೂ ಹಂಗೇ ಇಟ್ಕೊಂತಿದ್ರಿ. ಹೋದ ವರ್ಷದಿಂದ ಬಲಕ್ಕ ಇಡಾಕ ಹತ್ತೀರಿ."

"ಅಂದ್ರ ನೀವು ಕೊಡ ನೋಡ್ತೀರೋ, ಸೊಂಟ ನೋಡ್ತೀರೋ?"

"ಕೊಡಾನ ನೋಡಿದ್ದು," ಎಂದ ನಬೀಸಾಬ್, ಮತ್ತೆ ಸೂಜಿಯ ಕಡೆ ತಿರುಗಿ. "ಅದು ಕುಂತ ಜಾಗ ಅದಾದ್ರ ನಾನೇನು ಮಾಡ್ಲಿ?"

ಸರ್ವರಬಿ ಸೂಜಿಯನ್ನು ಅವನ ಕೈಯಿಂದ ಕಿತ್ತುಕೊಂಡು, ಕಣ್ಣಿನ ಹತ್ತಿರ ತಂದು, ಒಂದೇ ಸಲಕ್ಕೆ ದಾರ ಪೋಣಿಸಿ ಕೊಟ್ಟಳು. ನಗು ಕಾಣಬಾರದೆಂದು ಬೇಗ ಬೆನ್ನು ತಿರುಗಿಸಿದಳು.

"ಒಂದು ದಿನ ಮಲಗಿ ನೋಡ್ರಿ," ಎಂದಿತು ಬೆನ್ನ ಹಿಂದಿನ ದನಿ. "ಹಗುರ ಆಗದಿದ್ರ ನಾಳೆ ಬಂದು ಬೈರಿ. ಕೇಳಾಕ ಇಲ್ಲೇ ಇರ್ತೀನಿ."

ಮರುದಿನ ಅವಳು ಎದ್ದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಹಂಪಕ್ಕನ ಹುಂಜ ಕೂಗಿದ್ದು ಕೂಡ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಳು. ಸೊಂಟದ ಕೆಳಗೆ ಕೈ ಹಾಕಿ ಆ ಒಂದು ಹಿಡಿ ಅರಳೆಯನ್ನು ಮುಟ್ಟಿದಳು. ನೋವು ಹೋಗಿರಲಿಲ್ಲ. ಆದರೆ ಅದಕ್ಕೆ ಕೂರಲು ಒಂದು ಜಾಗ ಸಿಕ್ಕಿತ್ತು. ಅಲ್ಲಾಹನಿಗೆ ಶುಕ್ರ್ ಹೇಳಿದಳು. ಆಮೇಲೆ, ನಬೀಸಾಬನ ಕೈಗಳಿಗೂ ಒಂದು ಹೇಳಿದಳು.

ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡು ಬೇವಿನ ಗಿಡದ ಹತ್ತಿರ ಹೋದಳು.

"ಬೈಯಾಕ ಬಂದ್ರಿ?"

"ಮೊದಲು ರೊಟ್ಟಿ ತಿನ್ರಿ. ಹಸಿದವರನ್ನ ಬೈಯಬಾರದು."

ಅವನು ರೊಟ್ಟಿಯನ್ನು ಚೂರು ಮಾಡಿ ಪಲ್ಯದಲ್ಲಿ ನೆನೆಸಿದ. ಅವಳು ನೋಡುತ್ತಿರುವುದು ಕಂಡು ನಕ್ಕ. ಮುಂದಿನ ಮೂರು ಹಲ್ಲು ಇರಲಿಲ್ಲ. "ಮ್ಯಾಲಿನವ ಹಲ್ಲು ಎರಡು ಸಲ ಕೊಡ್ತಾನ ನೋಡ್ರಿ. ಹಾಲು ಕುಡಿಯೋ ಕೂಸಿಗೆ ಒಂದು ಸಲ, ಕಬ್ಬು ಕಡಿಯೋ ಹುಡುಗರಿಗೆ ಒಂದು ಸಲ. ಕುಂತಲ್ಲಿಗೆ ರೊಟ್ಟಿ ತಂದು ಕೊಡೋರು ಸಿಕ್ಕ ಹೊತ್ತಿಗೆ ಕೈ ಎತ್ತಿಬಿಡ್ತಾನ."

"ಮಣಕಾಲೂ ಹಂಗೇ," ಎಂದಳು ಸರ್ವರಬಿ. "ನಾಟಿ, ಕಳೆ, ಕುಯಿಲು ಅಂತ ಓಡಾಡೋವಾಗ ಮಣಕಾಲಿತ್ತು, ನಮಾಜಿಗೆ ಹೊತ್ತಿರಲಿಲ್ಲ. ಈಗ ಹೊತ್ತೈತಿ, ಮಣಕಾಲು ಬಗ್ಗಂಗಿಲ್ಲ. ನಮ್ಮ ಎಮ್ಮಿ ನೋಡ್ರಿ, ಒಂದು ದಿನ ಸೊಂಟ ಹಿಡೀತು ಅಂದಿಲ್ಲ. ಎರಡು ಕಾಲ ಮ್ಯಾಲ ನಿಂತಿದ್ದಕ್ಕ ನಮಗ ಈ ದಂಡ."

"ಗಾದಿ ಆದ್ರ ಬಿಚ್ಚಿ, ಹಿಂಜಿ, ಮತ್ತ ಹೊಲೀಬಹುದು. ಈ ಮೈಗೆ ಹೊಲಿಗಿ ಎಲ್ಲಿ ಹಾಕ್ಯಾನ ಅಂತ ನಾನೂ ಹುಡುಕಾಕ ಹತ್ತೀನಿ."

ಕೈ ತೊಳೆದು, ಅವನು ಹಂಪಕ್ಕನ ಗಾದಿ ಬಿಚ್ಚಿದ. ಎಡಗೈಯಲ್ಲಿ ಬಿಲ್ಲು ಎತ್ತಿದ. ಎರಡು ಪೆಟ್ಟು, ಮೂರು ಪೆಟ್ಟು. ನಾಲ್ಕನೆಯದಕ್ಕೆ ಭುಜ ಸೋತು, ಬಿಲ್ಲು ಹತ್ತಿಯ ರಾಶಿಯೊಳಗೆ ಬಿತ್ತು. ಅವನು ಭುಜ ಹಿಡಿದು, ಕಣ್ಣು ಮುಚ್ಚಿ ಕುಳಿತ. ಮುಖದಲ್ಲಿದ್ದ ತಮಾಷೆಯೆಲ್ಲ ಎಲ್ಲಿಗೋ ಹೋಗಿತ್ತು.

"ಎಷ್ಟು ದಿನ ಆತು?"

"ವರ್ಷಾತು. ಎದಿಗಿಂತ ಮ್ಯಾಲ ಏಳಂಗಿಲ್ಲ." ಕಣ್ಣು ತೆರೆಯದೆಯೇ ಹೇಳಿದ. "ಇದು ಕೊನೇ ಸುತ್ತು, ಸರ್ವರಬಿ. ಬ್ರೂಸ್‌ಪೇಟೆಯಾಗ ಒಬ್ಬ ಹತ್ತಿ ಸಾಹುಕಾರ ಗೋದಾಮಿನ ಬಾಗಿಲು ಕಾಯಾಕ ಕರದಾನ. ಕೂಡಾಕ ಒಂದು ಮಣಿ, ಕೈಗೊಂದು ಕೋಲು. ಇದೊಂದು ಗಾದಿ ಹೆಂಗಾರ ಮುಗಿಸಿ ನಾಡಿದ್ದು ಗಾಡಿ ಹತ್ತತೀನಿ. ಬಿಲ್ಲು ಸಿರುಗುಪ್ಪದಾಗ ಯಾರಿಗಾದ್ರೂ ಕೊಟ್ಟು ಹೋಗ್ತೀನಿ."

ಅವನು ತನ್ನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಆ ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯುವ ಮೊದಲೇ, ಕೊನೇ ಸುತ್ತು ಎಂಬ ಮಾತು ಬಂದು ಎದೆಯಲ್ಲಿ ಕುಳಿತಿತ್ತು.

"ನಿಮ್ಮ ಗಾದಿ ಇನ್ನೂ ಐದಾರು ವರ್ಷ ಬರ್ತೈತಿ," ಎಂದ ಅವನು, ಮಾತು ಬೇರೆಡೆ ತಿರುಗಿಸುವವನಂತೆ. "ಎಂಟು ವರ್ಷದ ಹಿಂದ ನಾನೇ ಹಿಂಜಿ ಕೊಟ್ಟಿದ್ದೆ. ಬಲಗಡಿ ಹತ್ತಿ ಇವತ್ತಿಗೂ ಹಂಗೇ ಅರಳೈತಿ. ಯಜಮಾನರ ಜಾಗ ಅವರಿಗೇ ಬಿಟ್ಟು ಅಂಚಿಗೆ ಮಲಗ್ತೀರಿ. ನಾನೂ ಅದನ್ನ ಮುಟ್ಟಲಿಲ್ಲ. ಹಂಗೇ ಹೊಲಿದೀನಿ."

ಸರ್ವರಬಿ ಬಾಯಿ ತೆರೆದಳು. ಅಷ್ಟರಲ್ಲಿ ಹಂಪಕ್ಕ, "ಗಾದಿ ಆತೇನು?" ಎನ್ನುತ್ತ ಬಂದಳು. ಮಾತು ಮತ್ತೆ ಒಳಕ್ಕೇ ಹೋಯಿತು.

ಮನೆಗೆ ಬಂದವಳಿಗೆ ಒಲೆಯ ಮುಂದೆ ಕೂತರೂ ಅದೇ ಯೋಚನೆ, ಎಮ್ಮೆಗೆ ಹುಲ್ಲು ಹಾಕಿದರೂ ಅದೇ. ಈ ಮನುಷ್ಯ ಹತ್ತಿಯಲ್ಲಿ ತನ್ನ ಸೊಂಟ ಓದಿದ, ನಿದ್ದೆ ಓದಿದ. ಒಂದೇ ಒಂದನ್ನು ತಪ್ಪು ಓದಿದ. ಆ ತಪ್ಪನ್ನೇ ಹೊತ್ತುಕೊಂಡು ನಾಡಿದ್ದು ಗಾಡಿ ಹತ್ತುತ್ತಾನೆ. ಈ ವಯಸ್ಸಿನಲ್ಲಿ, ಮೊಮ್ಮಗು ಇರುವವಳು, ಬಾಯಿಬಿಟ್ಟು ಹೇಳುವುದಾದರೂ ಹೇಗೆ? ನಿಟ್ಟುಸಿರು ಬಿಟ್ಟು ಮೇಲೆ ನೋಡಿದಳು. ಪಡಸಾಲೆಯ ತೊಲೆಯಲ್ಲಿ, ಶಹಜಾದಿಯ ತೊಟ್ಟಿಲು ತೂಗುತ್ತಿದ್ದ ಕಬ್ಬಿಣದ ಕೊಂಡಿ ಇನ್ನೂ ಹಾಗೇ ಇತ್ತು.

ಬೆಳಿಗ್ಗೆ ನಬೀಸಾಬ್ ಬಂದು ನೋಡಿದರೆ, ಬೇವಿನ ಗಿಡದ ಕೆಳಗಿಟ್ಟಿದ್ದ ಬಿಲ್ಲು ಇರಲಿಲ್ಲ.

"ಒಳಗ ಬರ್ರಿ," ಎಂದು ಕರೆದಳು ಸರ್ವರಬಿ. ಹಂಪಕ್ಕ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು.

ಬಿಲ್ಲು ಕೊಂಡಿಯಿಂದ ತೂಗುತ್ತಿತ್ತು. ತೊಟ್ಟಿಲ ಹಗ್ಗ, ಹಗ್ಗದ ನಡುವೆ ಬಾಗಿಸಿ ಕಟ್ಟಿದ ಬಿದಿರಿನ ಸೀಳು. ಎಳೆದರೆ ಬಗ್ಗುತ್ತಿತ್ತು, ಬಿಟ್ಟರೆ ಏಳುತ್ತಿತ್ತು. ಬಿಲ್ಲಿನ ಭಾರವೆಲ್ಲ ತೊಲೆಗೆ.

ನಬೀಸಾಬ್ ಹೊಸ್ತಿಲಲ್ಲೇ ನಿಂತ. "ಬಿಲ್ಲು ತೂಗುಹಾಕಿದವನು ಪಿಂಜಾರ ಅಲ್ಲ ಅಂತಿದ್ದ ನಮ್ಮಪ್ಪ."

"ನಿಮ್ಮಪ್ಪನ ಭುಜ ಎಷ್ಟು ವಯಸ್ಸಿಗೆ ಹೋತು?"

"ನಲವತ್ತಕ್ಕ."

"ಹಂಗಾರ ಆ ಮಾತೂ ಭುಜದ ಜೊತಿಗೇ ಹೋತು ಬಿಡ್ರಿ." ಅವಳು ಹಗ್ಗ ಎಳೆದು ಗಟ್ಟಿಯಿದೆಯೇ ಎಂದು ನೋಡಿದಳು. "ಕೂಸು ಹೊತ್ತು ಹೊತ್ತು ತೋಳು ಸೋತ ಮ್ಯಾಲ ತಾಯಿ ತೊಟ್ಟಿಲು ಕಟ್ಟತಾಳ. ತೊಟ್ಟಿಲು ಕಟ್ಟಿದಾಕಿ ತಾಯಿ ಅಲ್ಲೇನು?"

ಅವನು ಒಳಗೆ ಬಂದು ಕುಳಿತ. ಕೊಡತಿ ಎತ್ತಿ, ಹೆದರಿ ಹೆದರಿ ಒಂದು ಪೆಟ್ಟು ಕೊಟ್ಟ. ಬಿಲ್ಲು ತಾನೇ ಬಗ್ಗಿತು, ತಾನೇ ಎದ್ದಿತು. ಇನ್ನೊಂದು ಪೆಟ್ಟು. ನರ ಹಾಡತೊಡಗಿತು. ಹಂಪಕ್ಕನ ಗಾದಿಯ ಹಳೇ ಹತ್ತಿ ಎಳೆಎಳೆಯಾಗಿ ಮೇಲೆ ಹಾರಿ, ಬಾಗಿಲ ಬಿಸಿಲಲ್ಲಿ ತೇಲಿತು. ಅವನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಕೆನ್ನೆ ಒದ್ದೆಯಾಗಿತ್ತು. ಅವಳು ಅದನ್ನು ನೋಡದವಳಂತೆ ಹತ್ತಿ ಸರಿಸುತ್ತ ಹೋದಳು.

"ನಬೀಸಾಬರ, ಹತ್ತಿ ಓದೋದ್ರಾಗ ನೀವು ಒಂದು ತಪ್ಪು ಮಾಡೀರಿ."

"ಏನು?"

"ನಾನು ಅಂಚಿಗೆ ಮಲಗೋದು ಯಾರಿಗೋ ಜಾಗ ಬಿಡಾಕ ಅಲ್ಲ. ಗಾದಿ ಇಲ್ಲೇ ಹಾಸ್ತಿದ್ದೆ, ತೊಟ್ಟಿಲು ಎಡಕ್ಕಿತ್ತು. ಕೂಸು ಅತ್ರ ತಟ್ಟನ ಏಳಾಕ ಬರಲಿ ಅಂತ ಅಂಚಿಗೆ ಮಲಗೋದು ಕಲಿತೆ. ಕೂಸು ದೊಡ್ಡದಾಗಿ ಗಂಡನ ಮನಿಗೆ ಹೋತು. ಈ ಮೈಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ." ಅವಳು ಹತ್ತಿಯಿಂದ ಕಣ್ಣು ಎತ್ತಲಿಲ್ಲ. "ಅವರು ಒಳ್ಳೇವರಿದ್ರು. ಅವರ ಜಾಗ ಎದಿಯಾಗ ಐತಿ, ಅಲ್ಲೇ ಇರ್ತೈತಿ. ಗಾದ್ಯಾಗ ಇರೋದು ಬರೇ ಹತ್ತಿ. ಆ ಅರ್ಧ ಖಾಲಿ ಐತಿ, ನಬೀಸಾಬರ."

ಕೊಡತಿ ನಿಂತಿತು. ಬಾಗಿಲಲ್ಲಿ ಹಂಪಕ್ಕನ ಮೊರದ ಸದ್ದೂ ನಿಂತಿತು.

ಗಾಳಿಯಲ್ಲಿದ್ದ ಒಂದು ಹತ್ತಿಯ ಎಳೆ ಇಳಿದು ಬಂದು ಸರ್ವರಬಿಯ ಹುಬ್ಬಿನ ಮೇಲೆ ಕುಳಿತಿತು. ಅದನ್ನು ತೆಗೆಯಲೆಂದು ಅವನು ಕೈ ಎತ್ತಿದ. ಆ ಹೊತ್ತಿಗೆ ಎತ್ತಿದ್ದು ಕೆಟ್ಟ ಭುಜದ ಕೈಯೇ. ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮೇಲೇರದು, ಹಿಂದಕ್ಕೆ ಹೋಗಲು ಮನಸ್ಸಿಲ್ಲ.

ಸರ್ವರಬಿ ಎಡಸೊಂಟಕ್ಕೆ ಒಂದು ಕೈ ಕೊಟ್ಟು, ಮೆಲ್ಲಗೆ ಬಗ್ಗಿ, ತನ್ನ ಮುಖವನ್ನೇ ಆ ಕೈಯ ಹತ್ತಿರಕ್ಕೆ ಇಳಿಸಿದಳು.

ಅವನು ಎಳೆ ತೆಗೆದ. ಕೈ ತೆಗೆಯಲಿಲ್ಲ.

"ಗೋದಾಮಿನ ಸಾಹುಕಾರನಿಗೆ ಏನು ಹೇಳ್ಲಿ?"

"ಕೂಡಾಕ ಬ್ಯಾರೆ ಜಾಗ ಸಿಕ್ಕೈತಿ ಅನ್ರಿ."

"ನನ್ನ ಗಾದಿ ಮುಗಿಸಿ ಏನಾದ್ರೂ ಅನ್ಕೊಳ್ರಿ," ಎಂದಳು ಬಾಗಿಲಿಂದ ಹಂಪಕ್ಕ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ನಂಗೂ ಸೊಂಟ ಐತಿ."

ಎರಡು ದಿನ ಬಿಟ್ಟು ಇಬ್ಬರನ್ನೂ ಕೂರಿಸಿಕೊಂಡು ಗಾಡಿ ಕುರುಗೋಡಿಗೆ ಹೋಯಿತು. ಮಗಳಿಗೆ ಏನೆಂದು ಹೇಳಲಿ ಎಂದು ದಾರಿಯುದ್ದಕ್ಕೂ ಸರ್ವರಬಿ ಮಾತು ಜೋಡಿಸಿಕೊಳ್ಳುತ್ತಿದ್ದಳು. ಶಹಜಾದಿ ಕೂಸಿಗೆ ಹಾಲು ಕೊಡುತ್ತ ಎಲ್ಲವನ್ನೂ ಕೇಳಿದಳು. "ನೀನು ಯಾವತ್ತು ಅಂಚಿನಿಂದ ಬಿದ್ದೀಯೋ ಅಂತ ನಂಗ ಇಲ್ಲಿ ನಿದ್ದಿ ಇರಲಿಲ್ಲ ಅವ್ವ," ಎಂದು, ಕೂಸನ್ನು ನಬೀಸಾಬನ ಮಡಿಲಿಗೆ ಹಾಕಿ, ಷರಬತ್ತು ಮಾಡಲು ಎದ್ದಳು. ನಿಕಾಹ್ ಅವಳ ಅಂಗಳದಲ್ಲೇ ಆಯಿತು.

ಮರುವರ್ಷ ಸುಗ್ಗಿ ಮುಗಿದಾಗ ನಬೀಸಾಬ್ ಊರೂರು ತಿರುಗಲಿಲ್ಲ. ಸಿರುಗುಪ್ಪದಿಂದ ಗಾದಿಗಳೇ ಗಾಡಿ ಹತ್ತಿ ದೇಶನೂರಿಗೆ ಬಂದವು. ಎಲ್ಲರದೂ ಆದ ಮೇಲೆ ಇಬ್ಬರೂ ತಮ್ಮದನ್ನು ಬಿಚ್ಚಿದರು. ಒಂದೇ ವರ್ಷಕ್ಕೆ ಯಾರೂ ಗಾದಿ ಬಿಚ್ಚುವುದಿಲ್ಲ. ಅವರಿಗೆ ನೋಡುವ ಆಸೆ.

ಅವನು ಹತ್ತಿಯೊಳಗೆ ಕೈ ಇಟ್ಟು, ಕಣ್ಣು ಮುಚ್ಚಿದ.

"ಏನು ಹೇಳ್ತೈತಿ?"

"ನಿನ್ನ ಸೊಂಟದ ಹತ್ರ ಗಂಟು ಅದಾವ. ಕಡಿಮಿ, ಆದ್ರ ಅದಾವ. ಈ ಕಡೀಗೆ ನನ್ನ ಭುಜದ್ದು." ಕೈ ಇನ್ನೂ ಸರಿಯಿತು. ನಕ್ಕ. "ಅಂಚಿನಾಗ ಹತ್ತಿ ಅರಳಿದ್ದು ಅರಳಿದಂಗೇ ಐತಿ. ಈ ವರ್ಷ ಅಲ್ಲಿ ಯಾರೂ ಮಲಗಿಲ್ಲ."

ಸರ್ವರಬಿ ಆ ಅಂಚಿನಿಂದ ಒಂದು ಹಿಡಿ ಅರಳೆ ತೆಗೆದುಕೊಂಡಳು. ಅವನ ಭುಜ ಬರುವ ಜಾಗವನ್ನು ಅಂಗೈಯಿಂದ ಅಳೆದು, ಅಲ್ಲಿಟ್ಟು, ಮೇಲೆ ಬಟ್ಟೆ ಎಳೆದು, ಸೂಜಿಗೆ ದಾರ ಪೋಣಿಸಿದಳು.